ಹೆಬ್ಬೆಟ್ಟು

ಅರಸೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ
ಮೂವತ್ತೊಂದು ವರ್ಷ ನನ್ನ ಕೆಲಸ ಬೆರಳು ಹಿಡಿಯುವುದು.
ಎಡಗೈ ಹೆಬ್ಬೆರಳು, ಇಂಕಿನ ಪ್ಯಾಡು,
ಸ್ವಲ್ಪ ಒತ್ತಿ, ಸ್ವಲ್ಪ ಉರುಳಿಸಿ, ಎತ್ತು.
'ಮುಂದಿನವರು ಬನ್ನಿ.'
ಉಗುರಲ್ಲಿ ಸುಣ್ಣ ಇದ್ದವರು, ರಾಗಿ ಹಿಟ್ಟು ಇದ್ದವರು,
ಕಾಯಿ ಸುಲಿದೂ ಸುಲಿದೂ ಗೆರೆಯೇ ಸವೆದುಹೋದವರು.
ಬೆರಳು ನೋಡಿ ಕಸುಬು ಹೇಳುತ್ತಿದ್ದೆ.
ಮುಖ? ಕೇಳಬೇಡಿ.

ನಿವೃತ್ತಿಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ.
ಡ್ರಾಯರಿನಿಂದ ನಾನೇ ಎತ್ತಿಕೊಂಡು ಬಂದದ್ದು
ಗೇಣುದ್ದವೂ ಇಲ್ಲದ ಎರಡು ಪೆನ್ಸಿಲ್ಲು,
ಒಂದು ಮಗ್ಗುಲು ಖಾಲಿ ಇದ್ದ ರದ್ದು ಅರ್ಜಿಗಳ ಕಟ್ಟು.

ಮೊದಲು ಬರೆದದ್ದು ಕುಕ್ಕರು. ವಾಲಿತು.
ಆಮೇಲೆ ನಮ್ಮ ಮನೆಯವರು ಪೇಪರ್ ಓದುತ್ತ ಕೂತದ್ದು.
'ಇದು ಯಾರು, ನಿಮ್ಮಣ್ಣನಾ?' ಅಂದರು.
ಒಂದು ಕಿವಿ ಬರೆಯಲು ಒಂದಿಡೀ ಭಾನುವಾರ ಬೇಕು ಅಂತ
ಅರವತ್ತೊಂದನೇ ವಯಸ್ಸಿಗೆ ಗೊತ್ತಾಯಿತು.
ಕಿವಿಯೊಳಗೆ ಇನ್ನೊಂದು ಕಿವಿ ಇದೆ, ಮಡಚಿಟ್ಟ ಹಾಗೆ.
ಮೂವತ್ತೈದು ವರ್ಷ ಅದೇ ಕಿವಿಗೆ ಕೂಗಿದ್ದೇನೆ,
ನೋಡಿರಲಿಲ್ಲ.

ಈಗ ಸೊನ್ನೆ ರೂಪಾಯಿ ಟಿಕೆಟ್ಟು, ಕಿಟಕಿ ಪಕ್ಕದ ಸೀಟು.
ಬಸ್ಸಿನಲ್ಲಿ ಬರೆದರೆ ಗೆರೆ ನನ್ನದಲ್ಲ, ರಸ್ತೆಯದು.
ಜಾವಗಲ್ಲಿನ ಗುಂಡಿಗಳೆಲ್ಲ
ಒಬ್ಬ ಕಂಡಕ್ಟರನ ಗಲ್ಲದ ಮೇಲೆ ಬಂದಿವೆ.
ಬಾಣಾವರ ಸ್ಟೇಷನ್ನಿನಲ್ಲಿ ಕೊಬ್ಬರಿ ಮೂಟೆಗೆ ಒರಗಿ ಮಲಗಿದ್ದ ಹಮಾಲಿ:
ರೈಲು ಬಂತು, ಎದ್ದ, ಅವನ ಕಾಲು ನನ್ನಲ್ಲೇ ಬಾಕಿ ಉಳಿಯಿತು.
ಹಿರೇಕಲ್ ಗುಡ್ಡ ಒಂದೇ ತಾಳ್ಮೆಯ ಮನುಷ್ಯ.

ಹಳೇಬೀಡಿಗೆ ಹೋದ ದಿನ ಎಲ್ಲರೂ ಒಳಗೆ ಹೋದರು.
ಆನೆ ಸಾಲು, ಹಂಸದ ಸಾಲು: ಬರೆಯುವವರು ಉಳಿಯಲ್ಲೇ ಬರೆದಾಗಿದೆ.
ನಾನು ಹೊರಗೆ, ಚಪ್ಪಲಿ ಕಾಯುವ ಹೆಂಗಸಿನ ಎದುರು
ಮಡಚುವ ಸ್ಟೂಲು ಹಾಕಿಕೊಂಡೆ.
ಕಲ್ಲಿನವಳು ತಿರುಗಿ ಕೇಳುವುದಿಲ್ಲ. ಇವಳು ಕೇಳಿದಳು:
'ಅಷ್ಟು ದಪ್ಪ ಐತಾ ನನ್ ಮೂಗು?'
ಅಳಿಸಿ ತಿದ್ದಿದೆ.
'ಈಗ ಬಾಳ ಚೂಪಾಯ್ತು. ಮೊದಲಿಂದೇ ಇರ್ಲಿ.'

ನೆರಳು ಹಚ್ಚಲು ನಾನು ಹೆಬ್ಬೆರಳು ಬಳಸುತ್ತೇನೆ.
ಕಣ್ಣಿನ ಕೆಳಗೆ ಉಜ್ಜಿದೆ, ದವಡೆಯ ಅಂಚಿಗೆ ಉಜ್ಜಿದೆ.
ಅವಳು ಚಿತ್ರ ಬಿಟ್ಟು ಬೆರಳನ್ನೇ ನೋಡುತ್ತಿದ್ದಳು.

'ಅರಸೀಕೆರೆ ರಿಜಿಸ್ಟ್ರಿ ಆಫೀಸಿನೋರಲ್ವಾ ನೀವು?
ನಮ್ಮಣ್ಣಂದಿರಿಗೆ ನಾನು ಖುಲಾಸೆ ಬರ್ಕೊಟ್ಟಾಗ
ನನ್ ಬೆಟ್ಟು ಹಿಡ್ದೋರು ನೀವೇಯ.
ಮೂರು ಕಡೆ ಒತ್ತಿಸಿದ್ರಿ.
ಒರಸೋಕೆ ಬಟ್ಟೆ ಕೇಳಿದ್ರೆ, ತಲೆಗೆ ಒರಸ್ಕೋ ಅಂದ್ರಿ.'

ನೆನಪಿಲ್ಲ. ಇದ್ದಿದ್ದರೂ ಬೆರಳಷ್ಟೇ ನೆನಪಿರುತ್ತಿತ್ತು.
ಎಷ್ಟು ಎಕರೆ ಅಂತ ಕೇಳಬೇಕು ಅನ್ನಿಸಿತು.
ಕೇಳಿದ್ದು ಹೆಸರು.
ಕೆಂಚಮ್ಮ. ನಾನೇ ಬರೆದಿರಬೇಕು, ಮಸಿಯ ಮುದ್ದೆಯ ಸುತ್ತ,
'ಕೆಂಚಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು' ಅಂತ, ಗುಂಡಗೆ.

ಬಿಸಿಲು ಅವಳ ಗಲ್ಲದಿಂದ ಕತ್ತಿಗೆ ಇಳಿಯುವವರೆಗೂ ಕೂತೆ.
ಎಡಗಣ್ಣು ಬಲಗಣ್ಣಿಗಿಂತ ಒಂದು ಎಳ್ಳು ಕೆಳಗಿದೆ.
ನಗದೇ ಇದ್ದಾಗಲೂ ಬಾಯಿಯ ಒಂದು ಮೂಲೆ
ಏನನ್ನೋ ಹೇಳಿ ಮುಗಿಸಿದ ಹಾಗಿದೆ.
ಅದು ಬರಲಿಲ್ಲ. ಮೂರು ಸಲ ಬರೆದೆ, ಬರಲಿಲ್ಲ.
ಕೆಳಗೆ ಸಹಿ ಹಾಕಲು ಮನಸ್ಸಾಗಲಿಲ್ಲ.

ಏಳುವಾಗ ಚೀಲದಲ್ಲಿ ಕೈಯೊರಸುವ ಬಟ್ಟೆ ಹುಡುಕಿದೆ.
ಯಾರದೋ ಶೂಗಳನ್ನು ಜೊತೆ ಮಾಡಿಡುತ್ತ,
ಮುಖ ಎತ್ತದೆ, ಕೆಂಚಮ್ಮ ಅಂದಳು:
'ತಲೆಗೆ ಒರಸ್ಕಳಿ.'

ಒರೆಸಿಕೊಂಡೆ.
ವಾಪಸ್ ಬಸ್ಸಿನ ಕನ್ನಡಿಯಲ್ಲಿ ನೋಡಿದರೆ
ಬಿಳಿಗೂದಲಲ್ಲಿ ಒಂದು ಬೆರಳಗಲ ಕಪ್ಪಾಗಿತ್ತು.