ಅರ್ಥಿಂಗ್

ಎರಡು ಪೆಟ್ಟಿಗೆ ಬಂದವು
ತೀನ್ ಕಂದಿಲ್ ದಾಟಿ, ಆಟೋದಲ್ಲಿ, ನನ್ನ ಮೊಣಕಾಲಿಗೆ ಒತ್ತಿಕೊಂಡು.
ಒಂದು ಹಗುರ. ಅದರದು ಲೆಕ್ಕ:
ಯಾವ ಮಾತು ನಡುವಿಗೆ, ಯಾವ ಗುಡುಗು ಬೆನ್ನ ಹಿಂದಕ್ಕೆ,
ಯಾವುದು ಕೂದಲೆಳೆಯಷ್ಟು ತಡೆದು ಹೊರಡಬೇಕು.
ಇನ್ನೊಂದು ಹತ್ತಿ ಅಂಡಿಗೆಯಂಥ ಭಾರ.
ಅದಕ್ಕೆ ಲೆಕ್ಕ ಬರದು, ತೋಳಿದೆ.
ಹೇಳಿದ್ದನ್ನು ಎತ್ತಿ ಎಸೆಯುತ್ತದೆ.

"ಒಂದರಾಗ ಎರಡೂ ಇದ್ದದ್ದು ಸಸ್ತಾಕ ಸಿಗತಿತ್ತಲ್ಲ" ಅಂದಳು ದೇವಕ್ಕ.
ಮೇ ತಿಂಗಳ ರಾಯಚೂರಿನಲ್ಲಿ
ಎತ್ತುವವನ ಬೆವರು ಎಣಿಸುವವನ ತಲೆಗೆ ಏರಬಾರದವ್ವ ಅಂದೆ.
ನಿಜಕ್ಕೂ ಚೀಟಿ ಎತ್ತಿ ತಂದದ್ದು
ನಡುವಿನ ಆ ಒಂದು ಸ್ಪೀಕರಿಗೆ,
ಮಾತು ಬರುವುದು ಅಲ್ಲಿಂದ.

ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ.
ಅಪ್ಪನ ಕಿವಿಯಿಂದ ಮೊದಲು ಹೋದದ್ದು ಸ, ಆಮೇಲೆ ಶ.
ಸಾರು ಅಂದರೆ "ಆರಾ?" ಅನ್ನುತ್ತಾನೆ.
ಸಿನಿಮಾ ಹಚ್ಚಿದರೆ ತುಟಿ ನೋಡುತ್ತಾನೆ,
ನಾವು ನಕ್ಕ ಮೇಲೆ ನಗುತ್ತಾನೆ.

ಚಂದಾಪಾಶಾ ಪಡಸಾಲೆ ನಡುವೆ ಮೈಕು ನಿಲ್ಲಿಸಿದ.
ಫ್ಯಾನ್ ಬಂದ್. ಯಾರೂ ಉಸಿರೆತ್ತಬಾರದು.
ಮೂಲೆಯಿಂದ ಒಂದು ಸದ್ದು, ನೆಲದಡಿಯಿಂದೆಂಬಂತೆ ಎದ್ದು
ಏರಿತು, ಏರಿತು, ಸೂಜಿಯಾಯಿತು.
ಅದಿನ್ನೂ ಏರುತ್ತಿರುವಾಗಲೇ ಅಪ್ಪ ಕೇಳಿದ:
"ಮುಗೀತೇನು?"
ಪಾಶಾ ನನ್ನ ಮುಖ ನೋಡಿದ. ನಾನು ವೈರು ನೋಡಿದೆ.

ಎಲ್ಲ ನಿಂತ ಮೇಲೆ ಮತ್ತೆ ಅವನೇ ಅಂದ:
"ಗುಂಯ್ ಅನ್ನಕತ್ತದ."
ಇಲ್ಲಪ್ಪ, ಏನೂ ಇಲ್ಲ.
"ಅದ. ಗುಂಯ್ ಅಂತದ."
ಸ್ಪೀಕರಿಗೆ ಕಿವಿ ಹಚ್ಚಿದೆವು, ನಾನು, ದೇವಕ್ಕ, ಪಾಶಾ, ಒಬ್ಬೊಬ್ಬರಾಗಿ.
ಇತ್ತು.
ಗೋಡೆಯಾಚೆ ಯಾರದೋ ಜೇನು ಇದ್ದಂತೆ.

ಪಾಶಾ ಕೇಬಲ್ ಬದಲಿಸಿದ, ಪಿನ್ನು ತಿಕ್ಕಿದ,
ಎರಡೂ ಪೆಟ್ಟಿಗೆಗಳನ್ನು ದೂರ ಸರಿಸಿದ, ಅಲ್ಲಾನನ್ನು ನೆನೆದ.
ಕರೆಂಟ್ ಬಿಲ್ಲಿನ ಕೌಂಟರಿನಲ್ಲಿ ದಿನವಿಡೀ ಕೂರುವ ನನಗೂ
ಹೊಳೆಯಲಿಲ್ಲ.
ಅಪ್ಪ ಎದ್ದು ಹಿತ್ತಲಿಗೆ ಹೋದ.
ಮೀಟರಿನ ಕೆಳಗೆ, ಮುಚ್ಚಿದ್ದ ಹಾಸುಗಲ್ಲು ಸರಿಸಿ
ಅರ್ಥಿಂಗ್ ಗುಂಡಿಗೆ ಕೈ ಇಳಿಸಿ, ಹುಡಿ ತೆಗೆದು ತೋರಿಸಿದ:
"ಹಪ್ಪಳ ಆಗ್ಯದ ನೆಲ.
ಮಿಲ್ಲಿನಾಗ ಬ್ಯಾಸಗಿಗೆ ವಾರಕ್ಕೊಮ್ಮೆ ಹಾಕತಿದ್ವಿ."

ಒಂದು ಪುಡಿಕೆ ಉಪ್ಪು, ಬುಟ್ಟಿ ಇದ್ದಿಲು, ಎರಡು ಕೊಡ ನೀರು.
ನೆಲ ಸೊಸ್ಸೆಂದು ಕುಡಿಯಿತು.
ಅದು ಅವನಿಗೆ ಕೇಳದು. ಗುಳ್ಳೆ ಏಳುವುದನ್ನೇ
ಗಲ್ಲದ ಮೇಲೆ ಕೈಯಿಟ್ಟು ನೋಡುತ್ತ ಕೂತ.

ಒಳಗೆ ಬಂದು, ಪಂಚೆಗೆ ಕೈ ಒರೆಸಿ, ಕತ್ತು ವಾಲಿಸಿ
ಸ್ವಲ್ಪ ಹೊತ್ತು ನಿಂತ.
"ಈಗ ಏನೂ ಕೇಳವಲ್ದು" ಅಂದ.
ಇಷ್ಟು ವರ್ಷದಲ್ಲಿ ಆ ಮಾತನ್ನು
ನಗುತ್ತ ಅಂದದ್ದು ಇದೇ ಮೊದಲು.

ಪಾಶಾ ನಡುವಿನ ಸ್ಪೀಕರನ್ನು ಇನ್ನೆರಡು ಗೆರೆ ಏರಿಸಿದ.
ಯಾವುದೋ ಸಿನಿಮಾ. ಅರ್ಧದಿಂದ.
ಒಬ್ಬಳು ಬಾಗಿಲಲ್ಲಿ ನಿಂತು, ಬೆನ್ನು ನಮ್ಮ ಕಡೆ, ತುಟಿ ಕಾಣದಂತೆ,
"ಶಂಕ್ರಾ" ಎಂದು ಕೂಗಿದಳು.

ಯಾರವ ಶಂಕ್ರ, ಅಂತ ಅಪ್ಪ ಕೇಳಿದ.