ತಪ್ಪದೆ ಬರಬೇಕು

ಜಗಳೂರಿನ ಹನ್ನೊಂದು ಮಂದಿ ವಕೀಲರ
ಲೆಟರ್ ಹೆಡ್ ಅಚ್ಚು ಹಾಕಿದವನು ನಾನೇ.
ಯಾರಿಗೆ ಹೆಸರು ದಪ್ಪ ಬೇಕು, ಯಾರಿಗೆ ಡಿಗ್ರಿ,
ಯಾರು ಮೂರು ವರ್ಷದಿಂದ ಇನ್ನೂರು ರೂಪಾಯಿ ಬಾಕಿ,
ಎಲ್ಲ ಗೊತ್ತು.
ಇವರಲ್ಲಿ ಯಾರ ಎದುರು ಕೂತು
ನಾನು ಮುಳುಗಿದೆ ಅನ್ನಲಿ,
ಅದು ಗೊತ್ತಿರಲಿಲ್ಲ.

ಹಾಲಸಿದ್ದಪ್ಪ ಒಳ್ಳೆಯವರು. ಆದರೆ
ನನಗೆ ನಾಲ್ಕು ಲಕ್ಷ ಕೊಟ್ಟ ಸೊಸೈಟಿಗೆ ಅವರೇ ಲೀಗಲ್ ಅಡ್ವೈಸರ್;
ಆ ಸಾಲನ್ನೂ ನಾನೇ ಕೆಂಪಿನಲ್ಲಿ ಹಾಕಿದ್ದು.
ಕೊಟ್ರಬಸಯ್ಯನ ಮನೆ ತುಂಬಿದವಳು
ನನ್ನ ಜಾಮೀನುದಾರನ ತಂಗಿ.
ಮೂರನೆಯವನು ಪಾಲಾಕ್ಷ, ಇನ್ನೂ ಹುಡುಗ, ನಕ್ಕುಬಿಟ್ಟ:
"ಅಣ್ಣ, ಈ ಊರಾಗೆ ಆ ಕೇಸ್ ಯಾರೂ ಹಾಕಿಲ್ಲ.
ರಾತ್ರಿ ಬಸ್ ಹತ್ತುತಾರೆ, ಇಲ್ಲಾ
ಫೋನ್ ನಂಬರ್ ಬದಲು ಮಾಡ್ತಾರೆ."
ಆಮೇಲೆ ನಗು ನಿಲ್ಲಿಸಿ, ಬಾಗಿಲ ಕಡೆ ನೋಡಿ,
"ಯಾರಿಗೋಸ್ಕರ ಕೇಳ್ತಿದೀಯ?" ಅಂದ.
"ಯಾರೋ ಒಬ್ಬ ಪಾರ್ಟಿ" ಅಂದೆ.
ಆ ಪಾರ್ಟಿ ನನ್ನ ಚಪ್ಪಲಿ ಮೆಟ್ಟಿಕೊಂಡು
ಮೆಟ್ಟಿಲಿಳಿದ.

ಪಾಪರ್ ಎಂಬ ಮಾತು ನಮ್ಮಲ್ಲಿ
ಬೈಗುಳ, ಅರ್ಜಿಯ ಹೆಸರಲ್ಲ.
ಗೋಲಿ ಸೋತ ಹುಡುಗನ ಬೆನ್ನಿಗೆ ಕೂಗುತ್ತಿದ್ದೆವು,
ಪಾಪರ್ ಚೀಟಿ, ಪಾಪರ್ ಚೀಟಿ.
ಆ ಚೀಟಿ ಎಲ್ಲಿ ಸಿಗುತ್ತದೆಂದು
ದೊಡ್ಡವರು ಯಾರೂ ಹೇಳಿಕೊಟ್ಟಿರಲಿಲ್ಲ.

ಗುರುವಾರ ದಾವಣಗೆರೆ ಬಸ್ಸಿನಲ್ಲಿ
ಕಂಡಕ್ಟರಿಗೆ, ಪಕ್ಕದ ಸೀಟಿಗೆ, ಹಿಂದಿನ ಸೀಟಿಗೆ
ಒಂದೇ ಉತ್ತರ: "ಕಾಗದ ತರಾಕೆ."
ಸುಳ್ಳೂ ಅಲ್ಲ.
ಅಶೋಕ ರಸ್ತೆಯ ಗೇಟು ಬಿದ್ದಿತ್ತು.
ಗೂಡ್ಸ್ ಗಾಡಿ ದಾಟುವಷ್ಟು ಹೊತ್ತು
ವಾಪಸು ತಿರುಗಲು ಅವಕಾಶವಿತ್ತು.

ಮೆಡಿಕಲ್ ಶಾಪಿನ ಮೇಲೆ, ಒಬ್ಬರೇ ಹತ್ತುವ ಮೆಟ್ಟಿಲು.
ಬೋರ್ಡಿನಲ್ಲಿ ಬರೀ ಹೆಸರು: ಎಂ. ಸರ್ವಮಂಗಳ, ವಕೀಲರು.
"ಈ ಕೇಸು ನೋಡ್ತೀರಂತ ಬರೆಸಿಲ್ಲವಲ್ಲ ಮೇಡಂ?"
"ಬರೆಸಿದ್ರೆ ನೀವು ಹತ್ತಿ ಬರ್ತಿದ್ರಾ?"

ಹಾಳೆ ಕೊಟ್ಟರು. ಯಾರಿಗೆ ಎಷ್ಟು, ಪೂರ್ತಿ ವಿಳಾಸ.
"ಒಬ್ಬರನ್ನೂ ಬಿಡಬೇಡಿ. ನೆಂಟರನ್ನೂ."
ಬರೆಯುತ್ತ ಹೋದಂತೆ ಕೈಗೆ ಗುರುತು ಹತ್ತಿತು ಈ ಕೆಲಸ:
ಸೊಸೈಟಿ, ಚೀಟಿ ನಡೆಸುವ ಗಂಗಮಾಳವ್ವ,
ಇಂಕಿನ ಏಜೆಂಟು, ಷಡ್ಡಕ,
ದೊಡ್ಡವರು ಮೇಲೆ, ಊರ ಹೆಸರು ಕೆಳಗೆ,
ಬಿಟ್ಟುಹೋದರೆ ಮುನಿಸು.
ಮೂವತ್ತು ವರ್ಷ ಲಗ್ನಪತ್ರಿಕೆ ಜೋಡಿಸಿದ ಕೈ
ಕೊನೆಗೆ ತಪ್ಪದೆ ಬರಬೇಕು ಎಂದೂ ಬರೆದುಬಿಟ್ಟಿತು.
ಮೇಡಂ ಓದಿದರು. ಹೊಡೆದುಹಾಕಲಿಲ್ಲ.
"ಬರ್ತಾರೆ. ಎಲ್ಲರಿಗೂ ಕೋರ್ಟಿಂದ ನೋಟಿಸ್ ಹೋಗುತ್ತೆ.
ಮುಚ್ಚಿಟ್ಟು ಮಾಡೋ ಕಾರ್ಯ ಅಲ್ಲ ಇದು."

"ಆಸ್ತಿ?"
ಅಂಗಡಿ ಬಾಡಿಗೆಯದು. ಆಫ್‌ಸೆಟ್ ಮಷೀನು ಬ್ಯಾಂಕಿನದು.
ಅಪ್ಪನ ಕಾಲದ ಟ್ರೆಡಲ್ಲು,
ಎರಡು ಪೆಟ್ಟಿಗೆ ಅಚ್ಚುಮೊಳೆ, 'ಳ' ಸವೆದದ್ದು.
"ಕಸುಬಿನ ಸಾಮಾನು ಬಿಡಿ ಅಂತ ಕೇಳೋಣ."
ಕೇಳೋಣ ಅಂದರು, ಬಿಡಿಸ್ತೀನಿ ಅನ್ನಲಿಲ್ಲ.
ಅಷ್ಟಕ್ಕೇ ಅವರನ್ನು ನಂಬಿದೆ.
ಫೀಸು ಅರ್ಧ ದುಡ್ಡು, ಅರ್ಧ ಲೆಟರ್ ಹೆಡ್ಡು.

ಟ್ರೆಡಲ್ ತುಳಿದು ಐನೂರು ಹಾಕಿ
ಹಾಳೆ ಒಣಗಲು ಹರಡಿದ ಸಂಜೆಗೆ
ಊರಿಗೆಲ್ಲ ನೋಟಿಸು ಮುಟ್ಟಿತ್ತು.
ಸೊಸೈಟಿ ಸೆಕ್ರೆಟರಿ ಒಳಗೆ ಬಂದ.
ಬೈಯಲಿ ಎಂದು ಕೈ ಒರೆಸಿಕೊಂಡು ನಿಂತೆ.
ಅವನು ಶಟರ್ ಅರ್ಧ ಎಳೆದ,
ಪತ್ರಿಕೆಯ ಮಾದರಿಗಳನ್ನು ಸುಮ್ಮನೆ ತಿರುವಿದ,
ತಮ್ಮನ ಟೈಲ್ಸ್ ಅಂಗಡಿ, ತಾನು ಹಾಕಿದ ಸಹಿ
ಎಂದು ಏನೋ ಶುರುಮಾಡಿ ನುಂಗಿದ.
"ವೇಸ್ಟ್ ಹಾಳೆ ಇದ್ರೆ ಒಂದು ಕೊಡೋ.
ನಂಬರ್ ಸರಿ ಬಿದ್ದಿದ್ರೆ ಸಾಕು."

ಹುಡುಕಿ ಕೊಟ್ಟೆ ಒಂದನ್ನು.
ಸರ್ವಮಂಗ ಎಂದಿತ್ತು,
ಆಮೇಲೆ ಒಂದಿಷ್ಟು ಮಸಿ.