ಆರನೇ ನಡೆ

ಕುತಾಯಿಸಿಯಲ್ಲಿ, ರಿಯೋನಿ ಹೊಳೆಯ ದಂಡೆಯ ಉದ್ಯಾನದಲ್ಲಿ,
ಬಣ್ಣ ಎದ್ದ ಕಲ್ಲುಮೇಜಿನ ಮೇಲೆ
ಆರನೇ ನಡೆಗೇ ಖಾತುನಾ ತನ್ನ ರಾಣಿಯನ್ನು ಕೊಟ್ಟಳು.

ಕೊಟ್ಟಳು ಅಂದರೆ ಕಳೆದುಕೊಂಡಳು ಅಂತಲ್ಲ.
ಎತ್ತಿ, ಒಂಟೆಯನ್ನು ಹೊಡೆದು,
ಎದುರು ಪದಾತಿಯ ಓರೆಗಣ್ಣಿಗೆ ನೇರವಾಗಿ ಇಟ್ಟಳು,
ಅಂಗಡಿಯವನ ಮುಂದೆ ಸರಿಯಾದ ಚಿಲ್ಲರೆ ಇಟ್ಟ ಹಾಗೆ.

ನೋಡುತ್ತಿದ್ದವರು ಐದು ಜನ.
ಸೂರ್ಯಕಾಂತಿ ಬೀಜ ಕಡಿಯುವ ಸದ್ದು ನಿಂತಿತು.
ಶಾಲ್ವಾ, ನಲವತ್ತು ವರ್ಷ ಊರಿನ ಹಲ್ಲು ಕಿತ್ತವನು,
ಕನ್ನಡಕ ಹಣೆಗೇರಿಸಿ ಮೆಲ್ಲಗೆ ಅಂದ:
"ಕೈ ತಪ್ಪಿತು ಮಗಳೇ. ಹಿಂದಕ್ಕೆ ತಗೋ. ನಾನು ನೋಡೇ ಇಲ್ಲ."
ಮಾತಿನಲ್ಲಿ ಕರುಣೆ ಇತ್ತು. ಅದೇ ತೊಂದರೆ.
"ಮುಟ್ಟಿದ್ದು ನಡೆದದ್ದು, ಬಾಟೋನೋ ಶಾಲ್ವಾ," ಅಂದಳು
ಕೈಯೆರಡನ್ನೂ ಕೋಟಿನ ಜೇಬಿಗೆ ಹಾಕಿಕೊಂಡು.

ಈ ಊರ ಭಾಷೆಯಲ್ಲಿ ಆ ಕಾಯಿಗೆ ಲಾಝಿಯೇರಿ ಎನ್ನುತ್ತಾರೆ.
ಗಂಡೋ ಹೆಣ್ಣೋ ಆ ಭಾಷೆ ಕೇಳುವುದಿಲ್ಲ,
ಅವನಿಗೂ ಅವಳಿಗೂ ಅದಕ್ಕೂ ಒಂದೇ ಪದ.
ನಾವಾದರೂ ಮೊದಲು ಮಂತ್ರಿ ಅಂದೆವು, ಆಮೇಲೆ ರಾಣಿ ಅಂದೆವು.
ಹೆಸರು ಬದಲಾಯಿತು; ರಾಜನ ಮಗ್ಗುಲು ಬದಲಾಗಲಿಲ್ಲ.

ಆಗ ಅವಳಿಗೆ ಒಂಬತ್ತು, ತಮ್ಮ ಝಾಝಾನಿಗೆ ಏಳು.
ಕರೆಂಟು ಹೋದದ್ದು ಒಂದು ನವೆಂಬರಿನಲ್ಲಿ;
ಬಂತು ಅನ್ನುವ ಹಾಗೆ ಬಂದದ್ದು
ಎಷ್ಟನೇ ನವೆಂಬರಿಗೋ.
ಸೀಮೆಎಣ್ಣೆ ಡಬ್ಬಿಯ ಮುಚ್ಚಳ ಎಲ್ಲೋ ಬಿತ್ತು.
ಅಮ್ಮ ಮನೆಯೆಲ್ಲ ತಡಕಿ, ಕೊನೆಗೆ ಮಣೆಯ ಮೇಲೆ ಕೈಯಾಡಿಸಿ,
ಬಿಳಿಯ ರಾಣಿಯ ಕೊರಳಿಗೆ ಹಳೇ ಕಾಲುಚೀಲದ ಚೂರು ಸುತ್ತಿ
ತಲೆಕೆಳಗಾಗಿ ಡಬ್ಬಿಯ ಬಾಯಿಗೆ ತುರುಕಿದಳು.
ಕೂತಿತು. ಹೇಳಿ ಮಾಡಿಸಿದ ಬಿರಡೆ.
"ಆಡುವುದಾದರೆ ಅದಿಲ್ಲದೆ ಆಡಿ.
ಎಣ್ಣೆ ಚೆಲ್ಲಿದರೆ ದೀಪವೂ ಇಲ್ಲ, ಆಟವೂ ಇಲ್ಲ."

ನ್ಯಾಯಕ್ಕೆಂದು ಝಾಝಾ ಕರಿಯ ರಾಣಿಯನ್ನೂ ಎತ್ತಿಟ್ಟ.

ಹೀಗೆ ಕಲಿತರು:
ಎರಡೂವರೆ ಹೆಜ್ಜೆಯಲ್ಲಿ ಕುದುರೆ ತರಬಹುದಾದಷ್ಟೇ ಸುದ್ದಿ,
ಪದಾತಿಗೆ ಪದಾತಿ ಹೆಗಲು ಕೊಟ್ಟು ನಿಲ್ಲುವುದು,
ಬಾಗಿಲು ತೆರೆಯುವವರೆಗೆ ಆನೆ ಮೂಲೆಯಲ್ಲಿ ಕಾಯುವುದು,
ಹೊತ್ತು ಬಂದಾಗ ರಾಜನೇ ಎದ್ದು ಕೆಲಸಕ್ಕೆ ಕೈ ಹಚ್ಚುವುದು.
ಪದಾತಿ ಎಂಟನೇ ಮನೆ ಮುಟ್ಟಿದರೆ?
ಎರಡು ದಿನ ಜಗಳ. ಕೊನೆಗೆ ಆನೆಯಾಗಲಿ ಅಂತ ರಾಜಿ.

ಮುಂದೆ ಶಾಲೆಯ ಪಂದ್ಯದಲ್ಲಿ
ತುಂಬಿದ ಮಣೆಯ ಮುಂದೆ ಕೂರಿಸಿದಾಗ
ಎಂಟೂ ದಿಕ್ಕಿಗೆ ಕೂಗುವ ಆ ಕಾಯಿ
ಜ್ವರದವರ ಮನೆಯಲ್ಲಿ ಗಟ್ಟಿ ಮಾತಾಡಿದ ಹಾಗೆ ಕೇಳಿಸಿತು.
ಬೇಗ ಕಳಿಸಿಬಿಟ್ಟಳು. ಸೋತಳು.
ಮತ್ತೆ ಕಳಿಸಿದಳು, ಮತ್ತೆ ಸೋತಳು.
ಬರಬರುತ್ತ ಸೋಲು
ಸಲಕ್ಕೆ ನಾಲ್ಕು ನಡೆ ತಡವಾಗಿ ಬರತೊಡಗಿತು.

ಇದಕ್ಕೆ ಬಲಿ ಅನ್ನುತ್ತಾರೆ, ಆಟ ಬಲ್ಲವರು.
ಬಲಿಗೆ ಬೆಂಕಿ ಬೇಕು, ಬೇಡುವ ದೇವರು ಬೇಕು, ಆಮೇಲೊಂದು ಫಲ ಬೇಕು.
ಇವಳು ಬರೀ ಮನೆಗೆ ಹೋಗುತ್ತಿದ್ದಳು.

ಇಪ್ಪತ್ತಮೂರನೇ ನಡೆ. ಶಾಲ್ವಾನ ರಾಣಿ
ಮದುವೆಗೆ ತಡವಾಗಿ ಬಂದ ದೊಡ್ಡಮನುಷ್ಯನ ಹಾಗೆ
ಎಲ್ಲಿ ಕೂರುವುದೆಂದು ತಿಳಿಯದೆ ಅಲೆಯುತ್ತಿದೆ;
ಹೋದಲ್ಲೆಲ್ಲ ಒಂದು ಕುದುರೆ ಮೊದಲೇ ಬಂದು ಕೂತಿದೆ.
ಗೆಲ್ಲುತ್ತಾಳೋ, ನನಗೆ ಗೊತ್ತಿಲ್ಲ. ಕತ್ತಲಾಗುತ್ತಿದೆ.
ಐವರಲ್ಲಿ ಇಬ್ಬರು ಎದ್ದು ಹೋದರು, ಮೂವರು ಇನ್ನೂ ಹತ್ತಿರ ಸರಿದರು.

ಹೊಳೆಯ ಕಡೆಯಿಂದ ಗಾಳಿ ಎದ್ದಿತು.
ಬೀಜದ ಕಾಗದದ ಪೊಟ್ಟಣ ಬಾಯಿ ತೆರೆದು ಹಾರಹೊರಟಾಗ
ಶಾಲ್ವಾ ಮಣೆಯಿಂದ ಕಣ್ಣು ಕೀಳದೆ
ಪಕ್ಕಕ್ಕೆ ಕೈ ಚಾಚಿ, ಸಿಕ್ಕಿದ ಸತ್ತ ರಾಣಿಯನ್ನು
ಅದರ ಬಾಯಿಗೆ ಒತ್ತಿಟ್ಟ.

ಖಾತುನಾ ನಕ್ಕಳು, ಆ ಸಂಜೆಯಲ್ಲಿ ಮೊದಲ ಸಲ.
"ಏನು?" ಅಂದ ಶಾಲ್ವಾ.
"ಏನಿಲ್ಲ. ನಿಮ್ಮ ನಡೆ."